ಕಾರ್ತಿಕ ಸೋಮವಾರದ ಹಾಸು

ವೆಂಕಟಲಕ್ಷ್ಮಮ್ಮನಿಗೆ ಹಳ್ಳಿಯ ಕನಸೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದು ಗುಂಡಿ.

ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂರುವಷ್ಟು ಗುಂಡಿ ಸಾಕಾಗಿತ್ತು. ಅವಳ ಗಂಡ ನರಸಿಂಹಯ್ಯ ನೇಯುತ್ತಿದ್ದುದು ಗುಂಡಿ ಮಗ್ಗದಲ್ಲಿ. ಮಗ್ಗ ನೆಲದ ಮಟ್ಟಕ್ಕೆ, ಅದನ್ನು ಆಡಿಸುವ ಕಾಲುಹಲಗೆಗಳು ಗುಂಡಿಯೊಳಗೆ. ಕಬ್ಬನ್‌ಪೇಟೆಯ ವಠಾರದಲ್ಲಿ, ಅವರ ಮನೆಯ ಮಣ್ಣಿನ ನೆಲದಲ್ಲಿ, ಅವಳ ಮಾವನ ಕಾಲದಿಂದಲೂ ಆ ಗುಂಡಿ ಇತ್ತು. ೧೯೫೬ರಲ್ಲಿ ಸಂಕ್ರಾಂತಿ ಕಳೆದ ಮೇಲೆ ವಠಾರದ ಯಜಮಾನರು ಎಲ್ಲ ಮನೆಗಳಿಗೂ ಸಿಮೆಂಟು ಹಾಕಿಸಲು ಹೊರಟರು. ಸಿಮೆಂಟಿನ ನೆಲಕ್ಕೆ ಹೊಸ ಬಾಡಿಗೆ. ಗುಂಡಿ ಮುಚ್ಚಲೇಬೇಕು.

"ಮಗ್ಗ ಎಲ್ಲಿಡೋದು ಸ್ವಾಮೀ?" ಎಂದು ನರಸಿಂಹಯ್ಯ ಕೇಳಿದ.

"ಈಗಿನ ಕಾಲದಲ್ಲಿ ಮಗ್ಗ ಯಾರಪ್ಪಾ ಇಟ್ಕೋತಾರೆ? ನಿನ್ನ ತಮ್ಮನ್ನ ನೋಡು, ಗಿರಣಿ ಸೇರ್ಕೊಂಡು ಹೆಂಗೆ ಷರಟು ಹಾಕ್ಕೊಂಡು ಓಡಾಡ್ತಾನೆ."

ಯಜಮಾನರು ಕೆಟ್ಟವರಲ್ಲ. ಆದರೆ ಆ ವಠಾರವೇ ಹಾಗಿತ್ತು, ಮನುಷ್ಯರ ನಡುವೆ ಗಾಳಿಯಾಡಲು ಜಾಗವಿರಲಿಲ್ಲ. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮಗ್ಗದ ಸದ್ದು ಸ್ವಲ್ಪ ಹೊತ್ತು ಮೀರಿದರೆ ಪಕ್ಕದ ಮನೆಯವರು ಗೋಡೆ ತಟ್ಟುತ್ತಿದ್ದರು. ಲಕ್ಷ್ಮಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಯಾರ ಮನೆಯಲ್ಲೋ ಒಂದು ಬಟ್ಟಲು ಸಕ್ಕರೆ ಕೇಳಿದ್ದಳು. ಮಾರನೆಯ ದಿನವೇ ಹಿಂದಿರುಗಿಸಿದರೂ ಆ ಬಟ್ಟಲಿನ ಮಾತು ನಲ್ಲಿಯ ಹತ್ತಿರ ಎರಡು ವರ್ಷ ನಡೆಯಿತು. ಅಂದಿನಿಂದ ಅವಳು ಯಾರನ್ನೂ ಏನನ್ನೂ ಕೇಳುವುದನ್ನು ಬಿಟ್ಟಳು. ಇಲ್ಲದ್ದನ್ನು ಇಲ್ಲದೆಯೇ ನಡೆಸುವುದು ಅವಳಿಗೆ ಒಂದು ಹಟವಾಗಿ, ಆಮೇಲೆ ಸ್ವಭಾವವೇ ಆಗಿಹೋಯಿತು.

ಆ ವಠಾರಕ್ಕೆ ಸೊಪ್ಪು ಮಾರಲು ಬರುತ್ತಿದ್ದವಳು ಅಬ್ಬಿಗೆರೆಯ ಮುನಿಗಂಗಮ್ಮ. ಚಿಕ್ಕಬಾಣಾವರದಲ್ಲಿ ಬೆಳಗಿನ ರೈಲು ಹತ್ತಿ, ಯಶವಂತಪುರದಲ್ಲಿ ಅರ್ಧ ಕುಕ್ಕೆ ಮಾರಿ, ಉಳಿದರ್ಧ ಪೇಟೆಗೆ ತರುತ್ತಿದ್ದಳು. ನಡುವಯಸ್ಸಿನ ಹೆಂಗಸು, ದೊಡ್ಡ ಗಂಟಲು. ಒಂದು ದಿನ ಅವಳು ಕುಕ್ಕೆ ಇಳಿಸಿದಾಗ ಲಕ್ಷ್ಮಮ್ಮ ಬಾಗಿಲಲ್ಲಿ ಸುಮ್ಮನೆ ಕೂತಿದ್ದಳು.

"ಯಾಕವ್ವಾ, ಸೊಪ್ಪು ಬ್ಯಾಡ್ವಾ? ಮಕ ಯಾಕಿಂಗೆ ಮಾಡ್ಕೊಂಡಿದ್ದೀಯ?"

"ಗುಂಡಿ ಮುಚ್ತಾರಂತೆ ಮುನಿಗಂಗಕ್ಕ."

ಮುನಿಗಂಗಮ್ಮ ಒಳಗೆ ಇಣುಕಿ ನೋಡಿದಳು. ಮಗ್ಗ ನೋಡಿದಳು, ಗುಂಡಿ ನೋಡಿದಳು. "ಇಷ್ಟೇನಾ?" ಎಂದಳು. "ನಮ್ಮನೆ ಪಕ್ಕದಾಗೆ ಒಂದ್ ಮನೆ ಕಾಲಿ ಬಿದ್ದೈತೆ. ನೆಲ ಎಲ್ಲಾ ಮಣ್ಣೇ. ಎಷ್ಟ್ ಗುಂಡಿ ಬೇಕೋ ತೋಡ್ಕೊ. ನಿನ್ ಗಂಡಂಗೆ ಒಂದು, ನಿಂಗೊಂದು."

ಲಕ್ಷ್ಮಮ್ಮ ನಕ್ಕಳು. ನಕ್ಕ ಮೇಲೆ ಆ ಮಾತನ್ನು ಬಿಡಲಾಗಲಿಲ್ಲ. ಆ ಭಾನುವಾರವೇ ಗಂಡನನ್ನು ಕರೆದುಕೊಂಡು ಚಿಕ್ಕಬಾಣಾವರದಲ್ಲಿ ರೈಲಿಳಿದು ಅಬ್ಬಿಗೆರೆಯವರೆಗೂ ನಡೆದಳು. ದಾರಿಯುದ್ದಕ್ಕೂ ಅವರೆ ಹೊಲದ ವಾಸನೆ. ಮನೆ ಚಿಕ್ಕದು, ನಾಡಹೆಂಚಿನದು. ಆದರೆ ಹಿತ್ತಿಲು ಇತ್ತು, ಹಿತ್ತಿಲಲ್ಲಿ ಒಂದು ನುಗ್ಗೆಮರ, ಬೆಳಗಿನ ಬಿಸಿಲು ನೇರ ಒಳಕ್ಕೆ ಬೀಳುವ ಬಾಗಿಲು. ಬಾಡಿಗೆ ಎಷ್ಟೆಂದು ನರಸಿಂಹಯ್ಯ ಹಿಂಜರಿಯುತ್ತ ಕೇಳಿದ.

ಮುನಿಗಂಗಮ್ಮನ ಗಂಡ ದಾಸಪ್ಪ ಜಗಿಯುತ್ತಿದ್ದ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡ. "ಏನ್ ಕೊಡ್ತೀರೋ ಕೊಡಿ. ಮನೆ ಮುಚ್ಕೊಂಡಿದ್ರೆ ಗೆದ್ಲು ಇಡೀತದೆ. ಸಂಜೆ ಒಬ್ರು ದೀಪ ಅಚ್ಚೋರಿದ್ರೆ ಸಾಕು."

ಕೊನೆಗೆ ಮಾತು ನಿಂತದ್ದು ವಠಾರದ ಹಳೇ ಬಾಡಿಗೆಯ ಕಾಲು ಭಾಗಕ್ಕೆ. ಅದನ್ನು ಹೆಚ್ಚು ಮಾಡಬೇಕೆಂದು ನರಸಿಂಹಯ್ಯ ವಾದಿಸಿದ, ಕಡಿಮೆ ಮಾಡಬೇಕೆಂದು ದಾಸಪ್ಪ ವಾದಿಸಿದ. ಲಕ್ಷ್ಮಮ್ಮ ಅಂಥ ಜಗಳವನ್ನು ಜೀವಮಾನದಲ್ಲಿ ಕಂಡಿರಲಿಲ್ಲ.

ಒಪ್ಪದಿದ್ದವರು ಅತ್ತೆ ಗಂಗರತ್ನಮ್ಮ. ಅವರು ಹುಟ್ಟಿದ್ದೂ ಬೆಳೆದದ್ದೂ ಪೇಟೆಯಲ್ಲಿ. ಮೈದುನ ಚನ್ನಕೇಶವನೂ ತಾಯಿಯ ಕಡೆಗೇ ವಾಲಿದ. "ಅತ್ತಿಗೆ, ಒಂದು ವರ್ಷ ನೋಡಿ. ಆಗಲ್ಲ ಅಂದ್ರೆ ವಾಪಸ್ ಬನ್ನಿ. ಗಿರಣೀಲಿ ಅಣ್ಣಂಗೂ ಒಂದು ಕೆಲಸ ಕೇಳ್ತೀನಿ," ಎಂದ. ಪ್ರೀತಿಯಿಂದಲೇ ಹೇಳಿದ. ಆದರೆ ಗಿರಣಿ ಎಂದಾಗ ಗಂಡನ ಕೈಬೆರಳುಗಳು ಮಡಿಚಿಕೊಂಡದ್ದನ್ನು ಲಕ್ಷ್ಮಮ್ಮ ನೋಡಿದಳು. ಹನ್ನೆರಡನೆಯ ವಯಸ್ಸಿನಿಂದ ಲಾಳಿ ಎಸೆದ ಕೈ ಅದು.

ಅತ್ತೆ ಬಂದರು, ಆದರೆ ತಮ್ಮ ಗಂಟು ಬಿಚ್ಚಲಿಲ್ಲ. ಒಂದು ನೀಲಿ ಚೌಕಳಿಯ ದುಪ್ಪಟಿಯಲ್ಲಿ ತಮ್ಮ ಸಾಮಾನನ್ನೆಲ್ಲ ಕಟ್ಟಿ, ಅಬ್ಬಿಗೆರೆಯ ಮನೆಯ ಮೂಲೆಯಲ್ಲಿಟ್ಟು, ಅದಕ್ಕೆ ಒರಗಿ ಕೂತರು. ಉಡುವ ಎರಡು ಸೀರೆ ಮಾತ್ರ ಹೊರಗೆ. "ವರ್ಷ ಆಗ್ಲಿ, ಬಿಚ್ತೀನಿ. ಎಲ್ಲಿ ಬಿಚ್ತೀನೋ ನೋಡೋಣ." ನೇಯುವವರ ಮನೆಯಲ್ಲಿ ಹರಿದ ಎಳೆ ಕೂಡಿಸುವುದರಲ್ಲಿ ಗಂಗರತ್ನಮ್ಮನ ಬೆರಳಿಗೆ ಸಮ ಇರಲಿಲ್ಲ, ಅವರು ಹಾಕಿದ ಗಂಟು ಎಲ್ಲಿದೆಯೆಂದು ಹಾಕಿದ ಅವರಿಗೇ ಸಿಗುತ್ತಿರಲಿಲ್ಲ ಎನ್ನುತ್ತಿದ್ದರು. ಆದರೆ ಅಬ್ಬಿಗೆರೆಯಲ್ಲಿ ಅವರು ನೂಲು ಮುಟ್ಟಲಿಲ್ಲ. ಗಂಟಿಗೆ ಒರಗಿ ರೈಲಿನ ಸಿಳ್ಳು ಕೇಳುತ್ತ, "ಅಗೋ, ಪೇಟೆಗೆ ಹೋಯ್ತು," ಎನ್ನುತ್ತಿದ್ದರು.

ಲಕ್ಷ್ಮಮ್ಮನಿಗೆ ಮೊದಲ ತಿಂಗಳೆಲ್ಲ ಬೆಳಕಿನದೇ ಬೆರಗು. ಪೇಟೆಯಲ್ಲಿ ನೂಲಿನ ಬಣ್ಣ ನೋಡಲು ಬೀದಿಗೆ ಓಡಬೇಕಿತ್ತು. ಇಲ್ಲಿ ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರೆ ಬೆಳಕು ತಾನಾಗಿ ಬಂದು ಮಡಿಲಲ್ಲಿ ಕೂರುತ್ತಿತ್ತು. ದಾಸಪ್ಪ ಒಂದು ಬೆಳಗ್ಗೆ ಹಾರೆ ತಂದು ಗುಂಡಿ ತೋಡಿಕೊಟ್ಟ. ಎದುರು ಮನೆಯ ಗೋಪಾಲಮ್ಮ ಮೊರದ ತುಂಬ ಅವರೆಕಾಯಿ ತಂದಿಟ್ಟು ಹೋದಳು. ಖಾಲಿ ಮೊರ ಕೊಡಬಾರದೆಂದು ಲಕ್ಷ್ಮಮ್ಮ ಬೆಲ್ಲ ಹಾಕಿ ಕೊಟ್ಟಳು. ಮಾರನೆಯ ದಿನ ಮೊರದಲ್ಲಿ ರಾಗಿಹಿಟ್ಟು ಬಂತು. ಅವಳು ಕಡಲೆ ಹಾಕಿ ಕಳಿಸಿದಳು. ಮೊರ ಹುಣಸೆಹಣ್ಣಿನೊಡನೆ ತಿರುಗಿ ಬಂತು.

"ಈ ಮೊರಕ್ಕೆ ಕೊನೇನೇ ಇಲ್ವೇನೇ?" ಎಂದರು ಅತ್ತೆ ಮೂಲೆಯಿಂದ.

ಇನ್ನೊಂದು ಸಂಗತಿ ಅವಳಿಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಒಂದು ಮಧ್ಯಾಹ್ನ ನರಸಿಂಹಯ್ಯ ತಲೆನೋವೆಂದು ಮಗ್ಗ ನಿಲ್ಲಿಸಿ ಮಲಗಿದ್ದ. ಬಾಗಿಲಲ್ಲಿ ಗೋಪಾಲಮ್ಮ ಕಾಣಿಸಿಕೊಂಡಳು.

"ಯಾಕ್ ನಿಂತೋಯ್ತು? ಯಾರಿಗಾರ ಉಸಾರಿಲ್ವಾ?"

"ಏನು ನಿಂತಿದ್ದು?"

"ಅದೇ, ನಿಮ್ಮನೆ ಟಕಟಕ. ಅದು ನಿಂತ್ರೆ ನಂಗೆ ರಾಗಿ ಬೀಸಾಕೇ ಕೈ ಓಡಲ್ಲ."

ಗೋಡೆ ತಟ್ಟುವವರ ನಡುವೆ ಬದುಕಿ ಬಂದವಳು ಬಾಗಿಲಿಂದ ಪಕ್ಕಕ್ಕೆ ಸರಿದು, "ಒಳಗ್ ಬನ್ನಿ," ಎಂದಳು. ಹಾಗೆ ಮನೆಯೊಳಕ್ಕೆ ಯಾರನ್ನಾದರೂ ಕರೆದು ಎಷ್ಟು ಕಾಲವಾಗಿತ್ತೋ.

ಆದರೂ ಹಳೆಯ ಸ್ವಭಾವ ಅಷ್ಟು ಬೇಗ ಬಿಡುವುದಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡಳು, ಅದಕ್ಕೆ ಪ್ರತಿಯಾಗಿ ಕೊಟ್ಟಳು. ತಾನಾಗಿ ಒಂದು ಮಾತು ಮಾತ್ರ ಯಾರನ್ನೂ ಕೇಳಲಿಲ್ಲ. ಬಾವಿಗೆ ದಾರಿ ಯಾವುದು ಎಂಬುದನ್ನೂ ಕೊಡ ಹೊತ್ತವರ ಹಿಂದೆ ದೂರದಲ್ಲಿ ನಡೆದು ತಿಳಿದುಕೊಂಡಳು.

ಸೀರೆಯ ಉದ್ದಕ್ಕೂ ಓಡುವ ಎಳೆಗಳನ್ನು ನೇಯುವವರು ಹಾಸು ಎನ್ನುತ್ತಾರೆ. ಹಾಸು ಮಗ್ಗಕ್ಕೆ ಏರುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಎಳೆ ಎಳೆ ಬಿಡಿಸುತ್ತ ಒಣಗಿಸಬೇಕು. ಬಿಸಿಲು ಏರುವ ಮೊದಲೇ ಮುಗಿಯಬೇಕಾದ ಕೆಲಸ. ಮೊದಮೊದಲು ನರಸಿಂಹಯ್ಯ ಕಬ್ಬನ್‌ಪೇಟೆಯ ನೆಂಟರ ಬೀದಿಯಲ್ಲಿ ಹಾಸು ಮಾಡಿಸಿ, ಸುತ್ತಿ, ಹೆಗಲ ಮೇಲೆ ಹೊತ್ತು ರೈಲಿನಲ್ಲಿ ತರುತ್ತಿದ್ದ. ದಸರೆಯ ಹೊತ್ತಿಗೆ ಆ ಬೀದಿಯಲ್ಲಿ ಲಾರಿಗಳು ಓಡಾಡತೊಡಗಿ ಅದೂ ನಿಂತಿತು. ನೂಲು ಕೊಡುತ್ತಿದ್ದ ಅಂಗಡಿಯ ವೆಂಕಟರಾಮಯ್ಯನವರು ಗಿಣಿಹಸಿರಿನ ನೂಲಿನ ಕಟ್ಟನ್ನು ಮುಂದಕ್ಕೆ ತಳ್ಳಿ ಹೇಳಿದರು:

"ಇದು ಮಾಘ ಮಾಸದ ಮದುವೆಗೆ ಬೇಕಾದ ಮಾಲು. ಈ ಒಂದು ಹಾಸು ಅಲ್ಲೇ ಮಾಡು, ನೋಡೋಣ. ಎಳೆ ಕೆಟ್ಟರೆ ಬೇಜಾರು ಮಾಡ್ಕೋಬೇಡ, ಹಳ್ಳಿಗೆ ಇನ್ನು ನೂಲು ಕೊಡೋಕಾಗಲ್ಲ."

ರೈಲಿನಿಂದಿಳಿದು ಬಂದ ಗಂಡ ಇದನ್ನು ಹೇಳಿ, "ಕೆಟ್ಟರೆ ಗಿರಣೀನೇ," ಎಂದ. ಅತ್ತೆ ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಬೀದಿಯೇನೋ ಚೆನ್ನಾಗಿತ್ತು. ದಾಸಪ್ಪನ ಮನೆಯ ಮುಂದಿನಿಂದ ಅರಳೀಮರದವರೆಗೂ ನೇರ. ಆದರೆ ಬೆಳಗಾದರೆ ನೇಗಿಲು, ಗಾಡಿ. ಯಾವ ದಿನ ಕಟ್ಟುವುದು? ಲಕ್ಷ್ಮಮ್ಮ ಬಾಗಿಲಲ್ಲಿ ನೂಲು ಸುತ್ತುತ್ತ ಗಮನಿಸಿದ್ದಳು: ಸೋಮವಾರ ಬಸವನ ದಿನವೆಂದು ಊರಿನವರು ಎತ್ತು ಹೂಡುವುದಿಲ್ಲ. ಅಂದು ಗಾಡಿ ಹೊರಡುವುದಿಲ್ಲ, ಬೀದಿ ಬರಿದಾಗಿರುತ್ತದೆ. ತಾನೇ ಕಂಡುಕೊಂಡ ವಿಷಯವೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

"ಮುಂದಿನ ಸೋಮವಾರ ಕಟ್ಟೋಣ ರೀ."

"ಯಾರನ್ನಾದ್ರೂ ಒಂದು ಮಾತು ಕೇಳ್ಬೇಕೇನೋ?"

"ಯಾಕೆ ಕೇಳ್ಬೇಕು? ನಾನು ನೋಡಿದ್ದೀನಲ್ಲ."

ಅದು ಕಾರ್ತಿಕದ ಮೊದಲ ಸೋಮವಾರ. ಪೇಟೆಯವಳಾದ ಅವಳಿಗೆ ಕಾರ್ತಿಕ ಸೋಮವಾರವೆಂದರೆ ಉಪವಾಸ ಮತ್ತು ದೀಪ, ಅಷ್ಟೇ.

"ಉಪವಾಸದ ದಿನ ಬೆಳಿಗ್ಗೆ ಎದ್ದು ಗಂಜಿ ಕಾಯಿಸ್ತಾಳೆ, ನೂಲಿಗಾದ್ರೂ ಹೊಟ್ಟೆ ತುಂಬ್ಲಿ," ಎಂದು ಅತ್ತೆ ಜಗಲಿಯ ಮೇಲೆ ಬಂದು ಕೂತರು. ಕೈ ಹಚ್ಚಲಿಲ್ಲ.

ಮಬ್ಬುಗತ್ತಲೆಯಲ್ಲೇ ಗಂಡಹೆಂಡತಿ ಎರಡೂ ತುದಿಗೆ ಗೂಟ ಹೊಡೆದು ಹಗ್ಗ ಬಿಗಿದರು. ನಡುನಡುವೆ ಕವಲುಗಾಲು ನಿಲ್ಲಿಸಿ, ಅವುಗಳ ಮೇಲೆ ಅಡ್ಡಕೋಲು ಇಟ್ಟು, ಕೋಲುಗಳ ಮೇಲೆ ಹಾಸನ್ನು ಹರಡಿದರು. ಬೆಳಕು ಹರಿಯುತ್ತ ಬಂದಂತೆ ಬೀದಿಯ ನಡುವೆ ಸೊಂಟದೆತ್ತರದಲ್ಲಿ ಒಂದು ಹಸಿರು ಹೊಳೆ ಮಲಗಿದಂತೆ ಕಂಡಿತು. ಇಬ್ಬರೂ ಆ ಕಡೆ ಈ ಕಡೆ ನಿಂತು ಗಂಜಿ ಹಚ್ಚುತ್ತ, ಕುಂಚ ಎಳೆಯುತ್ತ ನಡೆದರು. ಗಾಳಿ ಹದವಾಗಿತ್ತು. ಬೀದಿ ಅವಳು ಎಣಿಸಿದಂತೆಯೇ ಖಾಲಿ. ಗೋಪಾಲಮ್ಮ ಒಮ್ಮೆ ಬಾಗಿಲು ತೆರೆದು ನೋಡಿ, ಮುಗುಳ್ನಕ್ಕು ಒಳಗೆ ಹೋದಳು.

ಗಂಜಿ ಅರ್ಧ ಒಣಗುವ ಹೊತ್ತಿಗೆ ಗೆಜ್ಜೆ ಕೇಳಿಸಿತು.

ಮೊದಲು ಒಂದು ಗೆಜ್ಜೆ, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಊರಿನ ಎತ್ತುಗಳನ್ನು ಕೂಡಿಸಲು ಇರುಳಿರುವಾಗಲೇ ಹೋಗಿದ್ದ ದಾಸಪ್ಪ, ಬೀದಿಯ ನಡುಮಧ್ಯಕ್ಕೆ ಬಂದು ಸೇರುವ ಓಣಿಯಿಂದ ಹೊರಬಂದ, ಹೊಸ ಪಂಚೆ ಉಟ್ಟು, ಹಗ್ಗ ಹಿಡಿದು. ಅವನ ಹಿಂದೆ ಅವನ ಎರಡು ಬಿಳಿ ಎತ್ತು. ಅವುಗಳ ಹಿಂದೆ ಓಣಿ ತುಂಬ ಊರಿನ ಎತ್ತುಗಳೆಲ್ಲ. ಕೆರೆ ತುಂಬಿದ ವರ್ಷ ಕಾರ್ತಿಕದ ಮೊದಲ ಸೋಮವಾರ ಊರಿನ ಎತ್ತುಗಳನ್ನೆಲ್ಲ ಒಟ್ಟಿಗೆ ಕೆರೆಗೆ ಇಳಿಸಿ ಮೈ ತೊಳೆಸುವುದು ಅಲ್ಲಿನ ಪದ್ಧತಿ. ಓಣಿಯ ಎದುರಿಗೇ ಕೆರೆಯ ದಾರಿ. ಓಣಿಗೂ ಕೆರೆಯ ದಾರಿಗೂ ನಡುವೆ, ಈ ತುದಿಯಿಂದ ಆ ತುದಿಯವರೆಗೆ, ಹಸಿ ಹಾಸು.

ದಾಸಪ್ಪ ನಿಂತ. ಹಿಂದಿನ ಎತ್ತುಗಳು ನಿಲ್ಲಲಿಲ್ಲ, ನೀರಿನ ವಾಸನೆ ಹಿಡಿದಿದ್ದವು. ಓಣಿಯೊಳಗಿಂದ ಕೂಗು ಬಂತು: "ಯಾಕ್ಲಾ ದಾಸ, ನಿಂತ್ಬುಟ್ಟೆ?"

"ಹಿಂದಕ್ಕೆ ತಿರುಗಿಸಿ ದಾಸಪ್ಪನೋರೆ," ಎಂದು ನರಸಿಂಹಯ್ಯ ಕುಂಚ ಹಿಡಿದೇ ಓಡಿ ಬಂದ.

"ಇವತ್ತು ತಿರುಗಿಸಂಗಿಲ್ಲ ಸ್ವಾಮೀ. ಇವತ್ತು ಬಸವನ ಮುಂದೆ ಕೋಲೂ ಎತ್ತಂಗಿಲ್ಲ, ಇಂದಕ್ಕೂ ದಬ್ಬಂಗಿಲ್ಲ." ಹೇಳುತ್ತಲೇ ದಾಸಪ್ಪ ತನ್ನ ಎತ್ತಿನ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತ ಅದಕ್ಕೆ ಎದೆ ಕೊಟ್ಟು ನಿಂತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಎಷ್ಟು ಹೊತ್ತು ಹೀಗೆ ನಿಲ್ಲಬಲ್ಲೆ ಎಂಬ ಯೋಚನೆ ಇತ್ತು.

ಹಾಸನ್ನು ಸುತ್ತಲು ಸಮಯವಿಲ್ಲ. ಸಡಿಲ ಬಿಟ್ಟರೆ ಹಸಿ ಎಳೆಗಳು ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ. ಬಿಗಿಯಾಗಿಯೇ ಬಿಟ್ಟರೆ ಒಂದು ಕೊಂಬು ಸಾಕು. ನರಸಿಂಹಯ್ಯ ಲಕ್ಷ್ಮಮ್ಮನ ಮುಖ ನೋಡಿದ. "ಬಿಚ್ಚಿಬಿಡ್ತೀನಿ ಕಣೇ," ಎಂದ, ಬಹಳ ಮೆಲ್ಲಗೆ. ಗಿರಣಿಗೆ ಹೋಗುತ್ತೇನೆ ಎಂದು ಹೇಳಿದ ಹಾಗೆ ಕೇಳಿಸಿತು ಅವಳಿಗೆ.

ಅಷ್ಟು ಹೊತ್ತಿಗೆ ಬಾಗಿಲು ಬಾಗಿಲಲ್ಲೂ ಜನ. ಮುನಿಗಂಗಮ್ಮ ಕೊಟ್ಟಿಗೆಯಿಂದ ಸೆಗಣಿಗೈಯಲ್ಲೇ ಬಂದು ನಿಂತಿದ್ದಳು. ಎಲ್ಲರೂ ಲಕ್ಷ್ಮಮ್ಮನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡಳು. ಯಾರೂ ಬೈಯಲಿಲ್ಲ. ಅವಳಿಗೆ ಆ ಹಳೆಯ ಸಕ್ಕರೆ ಬಟ್ಟಲು ನೆನಪಾಯಿತು. ಆದರೂ ಮುನಿಗಂಗಮ್ಮನ ಕಡೆ ಒಂದು ಹೆಜ್ಜೆ ಇಟ್ಟಳು.

"ಮುನಿಗಂಗಕ್ಕ, ಹಾಸು ಒಂಚೂರು ಎತ್ತಿ ಕೊಡ್ತೀರಾ? ಎಲ್ಲಾರೂ? ಕೆಳಗಡೆ ಎತ್ತು ದಾಟೋಷ್ಟು?"

ಮುನಿಗಂಗಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಇದ್ನ ಕೇಳಾಕೆ ಇಷ್ಟೊತ್ತಾ ನಿಂಗೆ?" ಎಂದವಳೇ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಕವೆಗೋಲು ತನ್ರೋ!"

ಬೇಲಿಗೆ ಮುಳ್ಳು ಎತ್ತಿ ಹಾಕುವ ಕವೆಗೋಲು, ತುದಿಯಲ್ಲಿ ಕವಲೊಡೆದದ್ದು, ಇಲ್ಲದ ಮನೆ ಆ ಊರಿನಲ್ಲಿರಲಿಲ್ಲ. ಕ್ಷಣದಲ್ಲಿ ಬೀದಿ ತುಂಬ ಕವೆಗೋಲು. ಓಣಿಯ ಎದುರಿನ ಅಡ್ಡಕೋಲುಗಳಿಗೆ, ಒಂದೊಂದು ಕೋಲಿನ ಎರಡು ತುದಿಗೂ ಇಬ್ಬರು ನಿಂತರು.

"ಒಂದೇ ಸಲ ಏಳ್ಬೇಕು," ಎಂದಳು ಲಕ್ಷ್ಮಮ್ಮ. "ಒಂದು ಮೊದಲು ಒಂದು ಆಮೇಲೆ ಆದ್ರೆ ಎಳೆ ಹರಿಯುತ್ತೆ."

"ನಮಗೇಳ್ಕೊಡ್ತೀಯಾ? ನಾವು ಸೂರು ಎತ್ತೋ ಜನ ಕಣವ್ವ," ಎಂದ ಒಬ್ಬ ಮುದುಕ. ಅದು ನಿಜ. ಹುಲ್ಲಿನ ಸೂರನ್ನು ಆ ಊರಿನವರು ನೆಲದ ಮೇಲೆ ಕಟ್ಟಿ, ಊರೆಲ್ಲ ಸೇರಿ ಒಂದೇ ಉಸಿರಿಗೆ ಎತ್ತಿ ಗೋಡೆಯ ಮೇಲೆ ಕೂರಿಸುತ್ತಿದ್ದರು. ಒಂದು ಮೂಲೆ ಮೊದಲೆದ್ದರೆ ಸೂರು ಮುರಿದು ಬೀಳುತ್ತದೆ. ಆ ಹದ ಅವರ ಕೈಯಲ್ಲಿ ಮೊದಲೇ ಇತ್ತು. ಸೂರು ಎತ್ತುವಾಗ ಕೂಗು ಹಾಕುವವಳು ಮುನಿಗಂಗಮ್ಮನೇ.

ನರಸಿಂಹಯ್ಯ ಒಂದು ತುದಿಯ ಹಗ್ಗ ಹಿಡಿದ, ಲಕ್ಷ್ಮಮ್ಮ ಇನ್ನೊಂದು ತುದಿಯದು. ಮುನಿಗಂಗಮ್ಮ ನೀಳವಾಗಿ ಕೂಗಿದಳು. ಕೂಗು ಏರುತ್ತ ಹೋದಂತೆ ಕವೆಗೋಲುಗಳೂ ಏರಿದವು. ಇಬ್ಬರೂ ಹಗ್ಗವನ್ನು ಬೆರಳಷ್ಟು ಬೆರಳಷ್ಟೇ ಬಿಟ್ಟುಕೊಟ್ಟರು. ಸೊಂಟದೆತ್ತರದ ಹಸಿರು ಹೊಳೆ ನಿಧಾನವಾಗಿ ಬೆನ್ನೆತ್ತಿ, ಬೀದಿಯ ನಡುವೆ ಕಮಾನಾಗಿ ನಿಂತಿತು. ಅದೇ ಹೊತ್ತಿಗೆ ಬಿಸಿಲು ದಾಸಪ್ಪನ ಮನೆಯ ಹೆಂಚು ದಾಟಿ ಇಳಿಯಿತು.

"ಓಗಪ್ಪ ನನ್ನ ಬಸವ," ಎಂದು ದಾಸಪ್ಪ ಪಕ್ಕಕ್ಕೆ ಸರಿದ.

ಎತ್ತುಗಳು ಹಾಸಿನ ಕೆಳಗೆ ನಡೆದವು. ಬಿಸಿಲು ಎಳೆಗಳ ನಡುವೆ ಸೋಸಿ ಬಿಳಿಯ ಬೆನ್ನುಗಳ ಮೇಲೆ ಹಸಿರಾಗಿ ಬೀಳುತ್ತಿತ್ತು. ಒಂದೊಂದು ಎತ್ತೂ ಒಂದು ಕ್ಷಣ ಹಸಿರಾಗಿ, ಆಚೆ ದಾಟಿ ಮತ್ತೆ ಬಿಳಿಯಾಯಿತು. ಬೀದಿ ತುಂಬ ಗೆಜ್ಜೆಯ ಸದ್ದು. ಲಕ್ಷ್ಮಮ್ಮ ಹಗ್ಗ ಬಿಗಿಹಿಡಿದು ದಾಟಿದ ಎತ್ತುಗಳನ್ನು ಒಂದೊಂದಾಗಿ ಎಣಿಸಿದಳು.

ಕೊನೆಯದು ಗೋಪಾಲಮ್ಮನ ಮನೆಯ ಹೋರಿ, ಇನ್ನೂ ಎಳೆಯದು. ಮೇಲೇನಿದೆಯೆಂದು ಅದು ತಲೆಯೆತ್ತಿ ನೋಡಿತು. ಕೊಂಬಿನ ತುದಿಗೆ ಹಾಕಿದ್ದ ಹಿತ್ತಾಳೆಯ ಟೋಪಿ ಎಳೆಗಳಿಗೆ ತಾಗಿ, ಒಂದು ಹಿಡಿಯಷ್ಟು ಎಳೆ ಪಟಪಟನೆ ಹರಿದವು.

ಹಾಸನ್ನು ಮತ್ತೆ ಕೆಳಗಿಳಿಸಿ ಬಿಗಿದರು. ನರಸಿಂಹಯ್ಯ ಹರಿದ ತುದಿಗಳನ್ನು ಬೆರಳಲ್ಲಿ ಎತ್ತಿ ನೋಡಿದ. ಗಂಜಿ ಪೂರ್ತಿ ಒಣಗುವ ಮೊದಲು ಇಷ್ಟನ್ನೂ ಕೂಡಿಸುವುದು ಅವನೊಬ್ಬನಿಂದ ಆಗದ ಮಾತು. ಲಕ್ಷ್ಮಮ್ಮನ ಕೈ ಆ ಕೆಲಸಕ್ಕೆ ಅಷ್ಟು ಚುರುಕಲ್ಲ.

ಒಂದು ಸಲ ಕೇಳಿದವಳಿಗೆ ಇನ್ನೊಂದು ಸಲ ಕೇಳುವುದು ಅಷ್ಟು ಕಷ್ಟವಾಗಲಿಲ್ಲ. ಅವಳು ಜಗಲಿಯ ಕಡೆ ತಿರುಗಿದಳು. "ಅತ್ತೆ, ಬರ್ತೀರಾ?"

ಗಂಗರತ್ನಮ್ಮ ಸೊಸೆಯನ್ನು ನೋಡಿದರು. ಆಮೇಲೆ ಬೀದಿಯನ್ನು ನೋಡಿದರು. ಕವೆಗೋಲು ಹಿಡಿದ ಜನ ಇನ್ನೂ ನಿಂತೇ ಇದ್ದರು, ಕೆಲಸ ಮುಗಿದಿಲ್ಲ ಎಂಬಂತೆ. ಮುದುಕಿ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇತ್ತು. ಎಳೆ ಹೊಸೆಯುವಾಗ ಬೆರಳು ಜಾರದಂತೆ ನೇಯುವವರು ಬೂದಿ ಅದ್ದಿಕೊಳ್ಳುತ್ತಾರೆ. ಅದು ಅವರ ಬೂದಿ ಡಬ್ಬಿ. ಗಂಟಿನೊಳಗಿದ್ದದ್ದು. ಮುಚ್ಚಳ ತೆಗೆದರೆ ಮಳೆಗಾಲದ ತೇವಕ್ಕೆ ಬೂದಿ ಗಟ್ಟಿಯಾಗಿ ಕಲ್ಲಾಗಿತ್ತು.

"ಯಾರಾದ್ರೂ ಒಲೆ ಬೂದಿ ಕೊಡಿ."

ಮುನಿಗಂಗಮ್ಮ ಓಡಿಹೋಗಿ ಮೊರದ ತುಂಬ ತಂದಳು.

"ಅಯ್ಯೋ ತಾಯಿ, ಊರಿಗೆಲ್ಲ ಪಾತ್ರೆ ಬೆಳಗ್ಬೇಕಾ ನಾನು? ಒಂದು ಚಿಟಿಕೆ ಸಾಕು." ಗಂಗರತ್ನಮ್ಮ ಚಿಟಿಕೆ ಬೂದಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ಮತ್ತೊಮ್ಮೆ ಉಜ್ಜಿದರು. "ಯಾವ ಸೌದೆ ಇದು?"

"ಉಣ್ಸೆ ಮರದ್ದು."

"ನಯವಾಗಿದೆ," ಎಂದರು.

ಅಬ್ಬಿಗೆರೆಯ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ಲಕ್ಷ್ಮಮ್ಮ ತಲೆ ತಗ್ಗಿಸಿ ನಗು ಮುಚ್ಚಿಕೊಂಡಳು.

ಮುದುಕಿ ಹಾಸಿನ ಪಕ್ಕ ಮಣೆ ಹಾಕಿಸಿಕೊಂಡು ಕೂತರು. ಆ ಬೆರಳುಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ ನೋಡುವವರಿಗೆ ಎಳೆಗಳು ತಾವಾಗಿಯೇ ಒಂದನ್ನೊಂದು ಹುಡುಕಿಕೊಂಡು ಬಂದಂತೆ ಕಾಣುತ್ತಿತ್ತು. ಹೆಂಗಸರು ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿದರು. ಬಿಸಿಲು ಮುದುಕಿಯ ಮೇಲೆ ಬೀಳದಂತೆ ಗೋಪಾಲಮ್ಮ ಮೊರ ಹಿಡಿದು ನಿಂತಳು.

"ನಮ್ ಓರಿ ಮಾಡಿದ್ ತಪ್ಪಿಗೆ ನಾನೇ ನಿಂತ್ಕೋಬೇಕಲ್ಲ," ಎಂದಳು. "ಬೆಳಿಗ್ಗೇನೇ ನೋಡಿದ್ದೆ. ಎತ್ತಿಗೆ ತೋರಣ ಕಟ್ತಾವ್ರೆ, ಪ್ಯಾಟೆ ಜನ ಎಷ್ಟ್ ಒಳ್ಳೇರು ಅಂದ್ಕೊಂಡೆ."

ಬೀದಿಯೇ ನಕ್ಕಿತು. ಲಕ್ಷ್ಮಮ್ಮನೂ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ.

ನಗು ನಿಂತ ಮೇಲೆ ಮುನಿಗಂಗಮ್ಮ ಅವಳ ಹತ್ತಿರ ಬಂದು ಕೂತಳು. "ಒಂದ್ ಮಾತು ಕೇಳಿದ್ರೆ ಏನಾಗ್ತಿತ್ತು ನಿಂಗೆ? ಮಂಗಳವಾರ ಕಟ್ಟು ಅಂತಿದ್ದೆ."

"ಮಂಗಳವಾರ ಗಾಡಿ ಓಡಾಡಲ್ವಾ?"

"ಓಡಾಡ್ತವೆ. ಆ ಕಡೆ ಬೀದೀಲಿ ಓಗ್ರೋ ಅಂತ ಏಳ್ತಿದ್ವಿ. ಅದೇನ್ ದೊಡ್ಡದು?"

ಇಷ್ಟು ಸುಲಭವಾದದ್ದೊಂದು ಜಗತ್ತಿನಲ್ಲಿದೆಯೆಂದು ಲಕ್ಷ್ಮಮ್ಮನಿಗೆ ಯಾರೂ ಹೇಳಿರಲಿಲ್ಲ.

ಗಿಣಿಹಸಿರಿನ ಸೀರೆಗಳು ಮಾಘಕ್ಕೆ ಮೊದಲೇ ಮಗ್ಗದಿಂದಿಳಿದವು. ವೆಂಕಟರಾಮಯ್ಯನವರು ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ, ಬೆರಳಾಡಿಸಿ ನೋಡಿದರು. ಗಂಟು ಸಿಗಲಿಲ್ಲ. ಮುಂದಿನ ನೂಲಿನ ಕಟ್ಟು ತೆಗೆದಿಟ್ಟರು. "ಈ ಸಲ ಎರಡು ಹಾಸಿಗಾಗುವಷ್ಟಿದೆ," ಎಂದರು, ಅಷ್ಟೇ.

ವರ್ಷ ತುಂಬಿದಾಗ ಚನ್ನಕೇಶವ ಬಂದ. ಮಾತು ಕೊಟ್ಟಂತೆ ಗಿರಣಿಯಲ್ಲಿ ಕೇಳಿಟ್ಟಿದ್ದ. ವಠಾರದಲ್ಲಿ ಒಂದು ಮನೆಯೂ ಖಾಲಿಯಾಗಿತ್ತು. ಅವನು ಬಂದಾಗ ಅಣ್ಣ ಮಗ್ಗದ ಮೇಲೆ, ಅತ್ತಿಗೆ ಒಲೆಯ ಮುಂದೆ. ತಾಯಿ ಕಾಣಲಿಲ್ಲ.

"ಅಮ್ಮ ಎಲ್ಲಿ ಅತ್ತಿಗೆ?"

"ಗೋಪಾಲಮ್ಮನ ಮನೇಲಿ. ಹೋರಿಗೆ ಹಣೆಪಟ್ಟಿ ಹೆಣೀತಿದ್ದಾರೆ."

ಹೇಳುತ್ತಿರುವಂತೆಯೇ ಗಂಗರತ್ನಮ್ಮ ಹಿತ್ತಿಲ ಬಾಗಿಲಿಂದ ಬಂದರು. ಮಗನನ್ನು ನೋಡಿ ಅರಳಿದರು. "ಬಂದ್ಯಾ ಕೇಶವ? ಊಟ ಮಾಡ್ಕೊಂಡೇ ಹೋಗು. ಸಂಜೆ ರೈಲಿದೆ."

"ಅಮ್ಮ, ನಿನ್ನ ಕರ್ಕೊಂಡು ಹೋಗೋಕೆ ಬಂದಿದ್ದು ನಾನು. ವರ್ಷ ಆಯ್ತಲ್ಲ."

"ಈ ವಾರ ಆಗಲ್ಲಪ್ಪ. ನಾಳಿದ್ದು ಮುನಿಗಂಗಮ್ಮನ ಕೊಟ್ಟಿಗೆಗೆ ಸೂರು ಎತ್ತಬೇಕು."

"ನೀನು ಎತ್ತಬೇಕ?"

"ನಾನೆಲ್ಲಿ ಎತ್ತಲಿ? ಜಗಲಿ ಮೇಲೆ ಕೂತು ನೋಡ್ತೀನಿ. ನೋಡೋರು ಇಲ್ದಿದ್ರೆ ಈ ಜನ ಸರಿಯಾಗಿ ಎತ್ತಲ್ಲ."

ಚನ್ನಕೇಶವ ಅತ್ತಿಗೆಯ ಮುಖ ನೋಡಿದ. ಲಕ್ಷ್ಮಮ್ಮ ಒಲೆಯ ಕಡೆ ತಿರುಗಿಕೊಂಡಳು. ಮೂಲೆಯಲ್ಲಿ ಗಂಟು ಇದ್ದ ಜಾಗ ಖಾಲಿಯಿತ್ತು. ಗೋಡೆಯ ಮೇಲೆ ಮಾತ್ರ ತಲೆ ಒರಗಿಸಿದ ಎಣ್ಣೆಯ ಗುರುತು. ಕೈ ತೊಳೆಯಲು ಹಿತ್ತಿಲಿಗೆ ಹೋದ ಚನ್ನಕೇಶವನಿಗೆ ನುಗ್ಗೆಮರದಿಂದ ಗೂಟಕ್ಕೆ ಕಟ್ಟಿದ ಹಗ್ಗ ಕಾಣಿಸಿತು. ಅದರ ಮೇಲೆ ನೀಲಿ ಚೌಕಳಿಯ ದುಪ್ಪಟಿ, ಒಗೆದು ಹರಡಿದ್ದು, ಗಾಳಿಗೆ ಉಬ್ಬುತ್ತಿತ್ತು.

ಊಟಕ್ಕೆ ಕೂತಾಗ ಅವನು ಗಿರಣಿಯ ಮಾತು ಎತ್ತಲಿಲ್ಲ. ಸೊಪ್ಪಿನ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡ. "ಅತ್ತಿಗೆ, ಈ ಕಡೆ ಬಾಡಿಗೆಗೆ ಬೇರೆ ಮನೆ ಏನಾದ್ರೂ ಇದೆಯಾ? ಗಿರಣಿಗೆ ರೈಲಲ್ಲಿ ಹೋಗಿ ಬರ್ತಾರಂತಲ್ಲ, ಯಶವಂತಪುರದಲ್ಲಿ ಇಳಿದು?"

"ನಂಗೊತ್ತಿಲ್ಲಪ್ಪ," ಎಂದು ಲಕ್ಷ್ಮಮ್ಮ ಸೌಟು ಕೆಳಗಿಟ್ಟು ಎದ್ದಳು. ಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಮುನಿಗಂಗಕ್ಕಾ, ಒಂದು ಮಾತು ಕೇಳ್ಬೇಕಿತ್ತು."